ಹಂಡಿಯಾ

ಹಾಡಿಗೆ ಕೈಕೋಳ ಹಾಕಲು ಬರುವುದಿಲ್ಲ. ಅದಕ್ಕೇ ಪೊಲೀಸ್ ದಾರೋಗಾ ಟುಸುವನ್ನು ಎತ್ತಿಕೊಂಡು ಹೋದ.

ಸಂಕ್ರಾಂತಿಯ ಹಿಂದಿನ ಸಂಜೆ. ಬಾವುರಿ ಕೇರಿಯ ಹೆಂಗಸರು ಭಾದರಿಯ ಅಂಗಳದಲ್ಲಿ ಸುತ್ತ ಕೂತು ಹಾಡುತ್ತಿದ್ದರು. ನಡುವೆ ಒಂದು ಮಣ್ಣಿನ ಬೋಗುಣಿ. ಅದರ ತುಂಬ ಹೊಸ ಭತ್ತದ ಹೊಟ್ಟು, ಮೇಲೆ ಸಗಣಿಯ ಉಂಡೆ, ಚೆಂಡುಹೂವು, ಗರಿಕೆ. ಅಷ್ಟೇ. ಅದೇ ಟುಸು. ಅವಳಿಗೆ ಕಣ್ಣು ಮೂಗು ಇಲ್ಲ. ಮಂತ್ರ ಬೇಡ, ಬ್ರಾಹ್ಮಣ ಬೇಡ. ಪುಷ್ಯ ಮಾಸವಿಡೀ ಹೆಣ್ಣುಮಕ್ಕಳು ಅವಳನ್ನು ಮಗಳಂತೆ ಸಾಕುತ್ತಾರೆ, ಬರೀ ಹಾಡು ಹಾಕಿ ಸಾಕುತ್ತಾರೆ. ಸಂಕ್ರಾಂತಿಯ ದಿನ ಹೊತ್ತು ಮುಳುಗುವ ಮೊದಲು ಕುಮಾರಿ ಎಂಬ ಹೊಳೆಗೆ ಬಿಡುತ್ತಾರೆ. ಬಿಡದೆ ಹೋದರೆ ಗಂಡನ ಮನೆ ಕಾಣದ ಹೆಣ್ಣಿನಂತೆ ಅವಳು ಮೂಲೆಯಲ್ಲಿ ಕೊಳೆಯುತ್ತಾಳೆ, ಅವಳನ್ನು ಸಾಕಿದ ಹುಡುಗಿಯ ಬಾಳೂ ಕೊಳೆಯುತ್ತದೆ ಎಂದು ಕೇರಿಯ ಮಾತು.

ಈ ಸಲದ ಟುಸುವನ್ನು ಸಾಕಿದವಳು ಭಾದರಿಯ ಮಗಳು ಚೇಪಿ. ಅವಳ ಸ್ವಂತದ ಮೊದಲ ಟುಸು. ಒಂದು ತಿಂಗಳಿಂದ ಬೋಗುಣಿಯ ಪಕ್ಕದಲ್ಲೇ ಮಲಗಿದ್ದಳು.

ಆ ವರ್ಷ ಮಾನಭೂಮಿಯ ಟುಸು ಹಾಡುಗಳೆಲ್ಲ ಬೇರೆಯಾಗಿದ್ದವು. ಬಂಗಾಳಿ ಮಾತಾಡುವ ಈ ಜಿಲ್ಲೆಯನ್ನು ಬಿಹಾರಕ್ಕೆ ಸೇರಿಸಿ ಎಷ್ಟೋ ಕಾಲವಾಗಿತ್ತು. ಈಗ ಶಾಲೆಯ ಹಲಗೆಯಿಂದ ಬಾಂಗ್ಲಾ ಅಳಿಸಿ ಹಿಂದಿ ಬರೆದಿದ್ದರು. ಕೋರ್ಟಿನಲ್ಲಿ ಹಿಂದಿ, ಕಚೇರಿಯಲ್ಲಿ ಹಿಂದಿ, ಠಾಣೆಯಲ್ಲಿ ಹಿಂದಿ. ಸಭೆ ಸೇರಿ ಬೇಡ ಎಂದವರಿಗೆ ಜೈಲು. ಸಭೆ ನಿಂತಿತು. ಆಗ ಬೇಡ ಎಂಬ ಮಾತು ಹೆಂಗಸರ ಹಾಡಿನೊಳಗೆ ಹೊಕ್ಕಿತು. ಯಾರು ಕಟ್ಟಿದರೋ ಯಾರಿಗೂ ತಿಳಿಯದು. ಒಬ್ಬಳು ಒಂದು ಸಾಲು ಎಸೆದರೆ ಇನ್ನೊಬ್ಬಳು ಹಿಡಿಯುತ್ತಾಳೆ. ಟುಸು ಹಾಡಿನಲ್ಲಿ ಬೈದರೆ ತಪ್ಪಿಲ್ಲ. ಅತ್ತೆಯನ್ನು, ಜಮೀನ್ದಾರನನ್ನು ಬೈಯುತ್ತಿದ್ದರು. ಈಗ ಸರ್ಕಾರವನ್ನು ಬೈದರು.

ಅಂದು ಮುದುಕಿ ಗೋಲಾಪಿ ಎತ್ತಿಕೊಟ್ಟ ಹಾಡು ಇದು:

ನಾಲ್ಗೆ ನಮ್ದು, ಹಲ್ಲು ನಮ್ದು, ಆಡೋರೂನು ನಾವ,
ಬಾಯಿಗ್ ಬೀಗ ಹಾಕಾಕ್ ಬಂದ ಯಾವೂರ್ ಸೋದರ್‌ಮಾವ?

ಹೆಂಗಸರು ನಗುತ್ತಾ ಎರಡನೇ ಸಲ ಎತ್ತುವಷ್ಟರಲ್ಲಿ ಬೂಟುಗಳು ಬಂದವು.

ದಾರೋಗಾ ತ್ರಿವೇಣಿ ಸಿಂಹ ಗಂಗೆಯ ಆಚೆಯ ಹಿಂದಿಯವನು. ಅವನ ಹಿಂದೆ ಬಂದ ಪೇದೆ ಹಾರಾಧನ ಮಾಹಾತೋ ಪಕ್ಕದ ಊರಿನವನೇ. ಅವನ ತಾಯಿಯೂ ಅದೇ ಹೊತ್ತಿಗೆ ತನ್ನ ಅಂಗಳದಲ್ಲಿ ಟುಸು ಹಾಡುತ್ತಿದ್ದಿರಬೇಕು. ದಾರೋಗಾ ಯಾರನ್ನೂ ಹಿಡಿಯಲಿಲ್ಲ. ಇಷ್ಟು ಹೆಂಗಸರನ್ನು ತುಂಬಲು ಠಾಣೆಯಲ್ಲಿ ಜಾಗವಿರಲಿಲ್ಲ. ಅವನು ಬೋಗುಣಿಯನ್ನು ನೋಡಿದ. ಹೊಟ್ಟಿನಲ್ಲಿ ಬೆರಳಾಡಿಸಿದ. ಅಡಿಯಲ್ಲಿ ನಾಲ್ಕು ಕಾಳು ಅಕ್ಕಿ ಸಿಕ್ಕಿತು.

"ಹೆಂಡ ಹಾಕೋ ಸಾಮಾನು," ಎಂದ. ಸತ್ತ ಇಲಿಯನ್ನು ಬಾಲ ಹಿಡಿದು ಎತ್ತುವಂತೆ ಬೋಗುಣಿಯ ಅಂಚು ಹಿಡಿದು ಎತ್ತಿದ.

ಚೇಪಿ ಅವನ ಕಾಲಿಗೆ ತೆಕ್ಕೆ ಬಿದ್ದಳು. ಅವನು ಕಾಲು ಝಾಡಿಸಿದ. ಹುಡುಗಿ ಒರಳಿನ ಮೇಲೆ ಬಿದ್ದಳು. ಗಲ್ಲ ಒಡೆಯಿತು.

ಭಾದರಿ ಅವಳನ್ನು ಎತ್ತಿಕೊಂಡಳು. ಆ ಹೊತ್ತಿಗೆ ಬೂಟುಗಳು ಕೇರಿ ದಾಟಿದ್ದವು.

ಬೆಳಗ್ಗೆ ಮಂಜು ಕರಗುವ ಮೊದಲೇ ಭಾದರಿ ಠಾಣೆಗೆ ಹೋದಳು. ಚೇಪಿಯೂ ಬಂದಳು, ಬೇಡವೆಂದರೆ ಕೇಳಲಿಲ್ಲ.

ಭಾದರಿಯ ಪಾದಗಳು ಕೆಂಪು. ಅರಗಿನ ಕಾರ್ಖಾನೆಯಲ್ಲಿ ಕಲ್ಲಿನ ತೊಟ್ಟಿಗೆ ಅರಗಿನ ಕಾಳು ಸುರಿದು ನೀರು ಬಿಡುತ್ತಾರೆ. ಹೆಂಗಸರು ಒಳಗಿಳಿದು ತುಳಿಯಬೇಕು. ಕೆಂಪು ಬಣ್ಣ ಪೂರ್ತಿ ಬಿಟ್ಟು ನೀರು ತಿಳಿಯಾಗುವವರೆಗೆ ತುಳಿಯಬೇಕು. ಚಳಿಗಾಲದಲ್ಲಿ ಹಿಮ್ಮಡಿ ಸೀಳುತ್ತದೆ. ಸೀಳಿನೊಳಗೆ ಬಣ್ಣ ಇಳಿಯುತ್ತದೆ. ಉಜ್ಜಿದರೂ ಹೋಗುವುದಿಲ್ಲ. ಮುತ್ತೈದೆಯರು ಕಾಲಿಗೆ ಅಲತೆಯ ಕೆಂಪು ಬಣ್ಣ ಹಚ್ಚುತ್ತಾರೆ. ಭಾದರಿ ವಿಧವೆ.

"ನೋಡಯ್ಯಾ, ರಂಡೆ ಕಾಲಿಗೆ ಅಲತೆ ಹಚ್ಚಿಕೊಂಡು ಬಂದಿದಾಳೆ," ಎಂದ ದಾರೋಗಾ. ಅವನು ಜಗಲಿಯ ಕುರ್ಚಿಯಲ್ಲಿ ಕೂತು ಎಳ್ಳುಂಡೆ ತಿನ್ನುತ್ತಿದ್ದ. "ಯಾರಿಗೋಸ್ಕರ?"

ಅವನು ಆಡಿದ್ದು ಹಿಂದಿಯಲ್ಲಿ. ಭಾದರಿಗೆ ಅರ್ಧ ತಿಳಿಯಿತು. ಆ ಅರ್ಧವೇ ಸಾಕಾಗಿತ್ತು.

"ನನ್ ಟುಸು ಕೊಡು ಬಾಬು," ಎಂದಳು. "ಹೊತ್ತು ಮುಳುಗೋದ್ರೊಳಗೆ ಹೊಳೆಗೆ ಬಿಡ್ಬೇಕು."

"ಏನಂತಾಳೆ?"

ಹಾರಾಧನ ಹಿಂದಿಯಲ್ಲಿ ಹೇಳಿದ. ತನ್ನ ತಾಯಿಯ ಮಾತನ್ನೇ ಬೇರೆ ಯಾರದೋ ಮಾತೆಂಬಂತೆ ಬಿಡಿಸಿ ಹೇಳಿದ.

ದಾರೋಗಾ ಕೈ ಒರೆಸಿಕೊಂಡ. "ಕೊಡೋಣ. ನನಗೇನು ನಿಮ್ಮ ಸಗಣಿ ಮೇಲೆ ಆಸೆಯಾ? ನಾಲ್ಕು ಜನರ ಮುಂದೆ ಒಂದು ಮಾತು ಹೇಳು, ತಗೊಂಡು ಹೋಗು. ಹೇಳು: ಯೇ ಹಂಡಿಯಾ ಮೇರೀ ಹೈ."

ಭಾದರಿ ಚೇಪಿಯ ಕೈ ಹಿಡಿದುಕೊಂಡಳು.

"ಬಾಯಿ ಬಿದ್ದೋಯ್ತಾ? ನಿನ್ನೆ ಅಷ್ಟು ಹಾಡ್ತಿದ್ದೆ. ಹಂಡಿಯಾ ಅಂದ್ರೆ ಮಡಕೆ ಕಣೇ. ಬರೀ ಮಡಕೆ. ಹಂಡಿಯಾ ನನ್ನದು ಅನ್ನು."

ಹಿಂದಿಯಲ್ಲಿ ಹಂಡಿಯಾ ಎಂದರೆ ಮಡಕೆ. ಮಾನಭೂಮಿಯಲ್ಲಿ ಹಂಡಿಯಾ ಎಂದರೆ ಅನ್ನ ಕೊಳೆಸಿ ಮಾಡುವ ಹೆಂಡ. ಈ ವ್ಯತ್ಯಾಸ ಭಾದರಿಗೆ ಚೆನ್ನಾಗಿ ಗೊತ್ತಿತ್ತು. ಅದನ್ನು ಅವಳ ಗಂಡ ಪ್ರಾಣ ಕೊಟ್ಟು ಕಲಿಸಿ ಹೋಗಿದ್ದ.

ಗಂಡ ನಿಬಾರಣನನ್ನು ಅಬಕಾರಿಯವರು ಹಿಡಿದದ್ದು ಯಾವುದೋ ಮದುವೆ ಮನೆಯ ಹಿತ್ತಲಲ್ಲಿ. ಅವನು ಅಲ್ಲಿ ಕಟ್ಟಿಗೆ ಸೀಳಲು ಹೋಗಿದ್ದವನು. ಕೋರ್ಟಿನಲ್ಲಿ ನ್ಯಾಯ ಹೇಳುವ ಹಾಕಿಮರು ಹಿಂದಿಯಲ್ಲಿ ಕೇಳಿದರು, ಹಂಡಿಯಾ ನಿನ್ನದೇನು? ನಿಬಾರಣನಿಗೆ ಬರುತ್ತಿದ್ದ ಹಿಂದಿ ಒಂದೇ ಮಾತು, ಜೀ ಹುಜೂರ್. ದೊಡ್ಡವರು ಏನು ಕೇಳಿದರೂ ಹಾಗೆ ಹೇಳಬೇಕೆಂದು ಯಾರೋ ಕಲಿಸಿದ್ದರು. ಅವನು ಕೈಮುಗಿದು ಜೀ ಹುಜೂರ್ ಎಂದ. ಹೆಂಡ ಮಾರುತ್ತಿದ್ದೆಯಾ? ಜೀ ಹುಜೂರ್. ಇದು ಎರಡನೇ ಸಲವಾ? ಜೀ ಹುಜೂರ್. ಕೋರ್ಟಿನಲ್ಲಿ ಎಲ್ಲರೂ ನಕ್ಕರಂತೆ. ಅವರು ನಗುತ್ತಿದ್ದಾರೆಂದು ಅವನೂ ನಕ್ಕನಂತೆ. ಜೈಲಿನಿಂದ ಕೆಮ್ಮು ಹೊತ್ತು ಬಂದ. ರಕ್ತ ಕಾರುತ್ತಾ ಸತ್ತ. ಸಾಯುವವರೆಗೂ ಕೇಳುತ್ತಿದ್ದ, "ಅವ್ರು ಕೇಳಿದ್ದೇನೇ, ಭಾದರಿ? ನಾನು ಅಂದಿದ್ದೇನು?"

"ಅದು ಹಂಡಿಯಾ ಅಲ್ಲ," ಎಂದಳು ಭಾದರಿ. "ಮಡಕೇನೂ ಅಲ್ಲ. ಅದು ಟುಸು. ನನ್ ಮನೆ ಮಗಳು."

"ಹಿಂದಿಯಲ್ಲಿ ಹೇಳು."

"ಹಿಂದೀಲಿ ಅವಳಿಗೆ ಹೆಸರಿಲ್ಲ."

ದಾರೋಗಾ ಎದ್ದು ಬಂದ. ಅವಳ ದವಡೆಯನ್ನು ಎರಡು ಬೆರಳಿನಲ್ಲಿ ಒತ್ತಿ ಹಿಡಿದ. ಎಮ್ಮೆಯ ಹಲ್ಲು ನೋಡಲು ಹೀಗೆ ಹಿಡಿಯುತ್ತಾರೆ. ಎಳ್ಳು ಬೆಲ್ಲದ ಅಂಟು ಅವಳ ಕೆನ್ನೆಗೆ ಹತ್ತಿತು. "ಹಂ-ಡಿ-ಯಾ," ಎಂದ. "ಮೇ-ರೀ. ಹೈ."

ಚೇಪಿ ನೋಡುತ್ತಿದ್ದಳು. ಅವಳ ಗಲ್ಲದ ಗಾಯಕ್ಕೆ ಒತ್ತಿದ್ದ ಸೊಪ್ಪು ಒಣಗಿ ಕಪ್ಪಾಗಿತ್ತು.

ಭಾದರಿ ಹಲ್ಲು ಕಚ್ಚಿದಳು. ಅವನ ಬೆರಳು ಸೋತಿತು.

"ಸರಿ," ಎಂದ ದಾರೋಗಾ. "ನಾಳೆ ದೊಡ್ಡ ಸಾಹೇಬರು ಬರ್ತಾರೆ. ಇವತ್ತೇ ಠಾಣೆ ಪೂರ್ತಿ ತೊಳೆದುಕೊಡಿ. ಕೇರಿಯ ಒಬ್ಬಳೂ ಬಿಡಬಾರದು. ನಿನ್ನೆ ಹಾಡಿದವರೆಲ್ಲ ಬರಬೇಕು. ಹಬ್ಬ ಅಂತೆ ಹಬ್ಬ. ಹೊತ್ತು ಮುಳುಗೋವರೆಗೂ ಉಜ್ಜಿ."

ಠಾಣೆ ತೊಳೆಯುವುದು ಬಾವುರಿ ಹೆಂಗಸರ ಬಿಟ್ಟಿ. ಕೂಲಿ ಇಲ್ಲ, ಕೇಳುವಂತಿಲ್ಲ. ಅವರು ತಂದ ನೀರನ್ನು ಠಾಣೆಯವರು ಕುಡಿಯುವುದಿಲ್ಲ. ನೆಲಕ್ಕೆ, ಕಕ್ಕಸಿಗೆ, ಕುದುರೆಯ ಲಾಯಕ್ಕೆ ಆಗುತ್ತದೆ.

ಕೇರಿಗೆ ಬರುವ ದಾರಿಯಲ್ಲೇ ಅವಿನಾಶ ಘೋಷಾಲ್ ಮಾಸ್ಟರು ಎದುರಾದರು. ಹಿಂದಿ ಕಲಿಸುವುದಿಲ್ಲವೆಂದು ಕೆಲಸ ಕಳೆದುಕೊಂಡವರು. ಬಾಂಗ್ಲಾ ಉಳಿಸುವ ಸತ್ಯಾಗ್ರಹದ ಈ ಭಾಗದ ಮುಖಂಡರು. ಖಾದಿ ಶಾಲು, ಕೈಯಲ್ಲಿ ಕೊಡೆ. ಕೇರಿಯ ಬಾಯಲ್ಲೇ ನಿಂತು ಮಾತಾಡಿದರು, ಒಳಗೆ ಬರಲಿಲ್ಲ. ಹೆಂಗಸರು ಕೊಡ ಕಂಕುಳಲ್ಲಿಟ್ಟು ಸುತ್ತ ಸೇರಿದರು.

"ನಡೆದದ್ದು ತಿಳಿಯಿತು," ಎಂದರು ಮಾಸ್ಟರು. "ನೀವು ಹೆದರಬಾರದು. ಆದರೆ ಭಾದರಿ, ಹಂಡಿಯಾ ಎಂಬುದು ಹಿಂದಿಯಲ್ಲಿ ಕೇವಲ ಪಾತ್ರೆಯ ಹೆಸರು. ಅದೊಂದು ಶಬ್ದ ಹೇಳಿ ವಿಗ್ರಹವನ್ನು ಬಿಡಿಸಿಕೊಂಡು ಬಾ. ಸಣ್ಣ ವಿಷಯಕ್ಕೆ ದೊಡ್ಡ ಹೋರಾಟ ಕೆಡಬಾರದು."

"ಸಣ್ಣ ವಿಷಯ," ಎಂದಳು ಭಾದರಿ.

"ಇನ್ನೊಂದು. ನಿಮ್ಮ ಆ ಹಾಡು. ಭಾವ ಒಳ್ಳೆಯದಿದೆ. ಆದರೆ ಭಾಷೆ ಶುದ್ಧವಿಲ್ಲ. ನಾಲಿಗೆ, ಹಲ್ಲು ಎಂದೆಲ್ಲ ಇದೆ. ಸೋದರಮಾವ ಎಂಬುದು ಅಸಭ್ಯವಾಗುತ್ತದೆ. ನಿಮ್ಮ ಮಾತು ಬಾಂಗ್ಲಾ ಅಲ್ಲವೇ ಅಲ್ಲ, ಹಿಂದಿಯ ಒಂದು ಕೊಂಬೆ ಎಂದು ಸರ್ಕಾರ ಹೇಳುತ್ತಿದೆ. ನೀವು ಹೀಗೆ ಹಾಡಿದರೆ ಅವರ ಮಾತಿಗೇ ಬಲ ಬರುತ್ತದೆ. ಮಾತೃಭಾಷೆ ಎಂದು ಹಾಡಿ."

ಗೋಲಾಪಿ ಎಲೆಯಡಿಕೆ ಉಗುಳಿದಳು. "ಮಾ-ತು-ರು-ಭಾಸೆ," ಎಂದಳು. "ಅಯ್ಯೋ ನನ್ನಪ್ಪಾ. ನಂಗೆ ಹಲ್ಲೇ ನಾಕು ಉಳಿದವೆ. ಇದನ್ನ ಅಗಿಯೋದು ಹೆಂಗೆ?"

ಹೆಂಗಸರು ನಕ್ಕರು. ಮಾಸ್ಟರು ನಗಲಿಲ್ಲ.

"ಬೆಳಿಗ್ಗೆಯಿಂದ ನಡೀತಾ ಇದೀರ, ಬಾಯಾರಿರ್ಬೇಕು," ಎಂದು ಗೋಲಾಪಿ ತನ್ನ ಕೊಡ ಮುಂದೆ ಚಾಚಿದಳು. "ಕುಡೀರಿ ಮಾಸ್ಟ್ರೇ."

ಮಾಸ್ಟರು ಕೊಡವನ್ನು ನೋಡಿದರು. ಶಾಲು ಸರಿಪಡಿಸಿಕೊಂಡರು. "ಈಗ ಬೇಡ," ಎಂದರು.

"ನೋಡ್ದೇನೇ, ಭಾದರಿ? ನಮ್ಮ ಹಾಡು ಇವ್ರ ಬಾಯಿಗೆ ಆಯ್ತದೆ. ನಮ್ಮ ನೀರು ಆಗಾಕಿಲ್ಲ."

ಭಾದರಿ ಮಾಸ್ಟರ ಮುಖವನ್ನೇ ನೋಡಿದಳು. "ಅವ್ನು ನಮ್ ಮಾತು ಹಿಂದಿ ಅಂತಾನೆ. ನೀವು ನಮ್ ಮಾತು ಕೊಳಕು ಅಂತೀರ. ಜೈಲಿಗೆ ಹೋಗೋಕೆ ಮಾತ್ರ ನಾವು ಬಾಂಗ್ಲಾದೋರು. ಅಲ್ವಾ ಮಾಸ್ಟ್ರೇ?"

ಅವಳು ಹೆಂಗಸರತ್ತ ತಿರುಗಿದಳು.

"ನನ್ ಗಂಡ ಒಂದು ಮಾತು ಹೇಳಿ ಸತ್ತ. ನಾನು ಅದನ್ನ ಹೇಳಾಕಿಲ್ಲ. ನಡೀರೇ, ಠಾಣೆ ತೊಳೆಯೋಣ."

ಠಾಣೆ ಹಿಂದೆ ಜಮೀನ್ದಾರನ ಕಣಜದ ಮನೆಯಾಗಿತ್ತು. ವಶಪಡಿಸಿಕೊಂಡ ಸಾಮಾನು ಇಡುವ ಕೋಣೆ ಅದರ ಹಳೆಯ ಧಾನ್ಯದ ಗುಂಡಿ. ಉಳಿದ ನೆಲಕ್ಕಿಂತ ಒಂದು ಗೇಣು ತಗ್ಗು. ಎಲ್ಲಿ ನೀರು ಚೆಲ್ಲಿದರೂ ಆ ಬಾಗಿಲಿನತ್ತಲೇ ಓಡುತ್ತದೆ. ಅದಕ್ಕೇ ಪ್ರತಿ ಸಲ ಹೆಂಗಸರು ಮೊದಲು ಆ ಹೊಸ್ತಿಲಿಗೆ ಚಿಂದಿಬಟ್ಟೆಯ ಒಡ್ಡು ಕಟ್ಟುತ್ತಾರೆ. ಆಮೇಲೆ ಮಂಡಿಯೂರಿ ನೀರನ್ನು ಅಂಗೈಯಲ್ಲಿ ಗೋರಿ ಗೋರಿ ಅಂಗಳಕ್ಕೆ ಹಾಕುತ್ತಾರೆ. ಒಮ್ಮೆ ಒಡ್ಡು ಜಾರಿ ಒಳಗೆ ಒಂದಿಷ್ಟು ನೀರು ಹೋಗಿದ್ದಕ್ಕೆ ಗೋಲಾಪಿಯ ಬೆನ್ನು ಬಾಸುಂಡೆ ಎದ್ದಿತ್ತು.

ಈ ದಿನ ಕುಮಾರಿ ಹೊಳೆಯಿಂದ ಮೊದಲ ಕೊಡ ತಂದವಳು ಭಾದರಿ. ಅವಳು ಹೊಸ್ತಿಲ ಮುಂದೆ ನಿಂತಳು. ಟುಸು ಒಳಗಿದ್ದ, ಬೀಗ ಹಾಕಿದ ಬಾಗಿಲನ್ನು ನೋಡಿದಳು. ಒಡ್ಡು ಕಟ್ಟಲಿಲ್ಲ. ಕೊಡ ಬಗ್ಗಿಸಿದಳು.

ನೀರು ಬಾಗಿಲಿನಡಿಗೆ ನುಗ್ಗಿ ಒಳಗೆ ಬಿದ್ದ ಸದ್ದು ಕೇಳಿತು.

ಹಿಂದೆ ಬಂದ ಹೆಂಗಸರು ಅದನ್ನು ನೋಡಿದರು. ಗೋಲಾಪಿ ತನ್ನ ಕೊಡ ಸುರಿದಳು. ಅವಳ ಹಿಂದೆ ಇನ್ನೊಬ್ಬಳು. ಸುರಿದವಳು ಹೊಳೆಗೆ ಇಳಿದಳು, ತುಂಬಿಕೊಂಡವಳು ಹತ್ತಿ ಬಂದಳು. ಏರು ಜಾರುತ್ತಿತ್ತು. ಗರಸು ಕಲ್ಲು ಹಿಮ್ಮಡಿಯ ಸೀಳಿಗೆ ಚುಚ್ಚುತ್ತಿತ್ತು. ಕೊಡದ ಅಂಚು ಸೊಂಟದ ಮೂಳೆಗೆ ಒತ್ತಿ ಒತ್ತಿ ಚರ್ಮ ಕೆಂಪಾಯಿತು. ಮಧ್ಯಾಹ್ನ ಕಳೆಯಿತು. ಯಾರೂ ಮಂಡಕ್ಕಿ ತಿನ್ನಲೂ ಕೂರಲಿಲ್ಲ.

ಹಾರಾಧನ ಬಾಗಿಲ ಬಳಿ ಸ್ಟೂಲಿನ ಮೇಲೆ ಕಾವಲಿದ್ದ. ದಾರೋಗಾ ಹಿಂದಿನ ವಸತಿಯಲ್ಲಿ ಹಬ್ಬದ ಮೊಸರವಲಕ್ಕಿಗೆ ಕೂತಿದ್ದ. ಹಾರಾಧನ ಹೊಸ್ತಿಲನ್ನು ನೋಡಿದ. ಒಣಗಿದ ದನಿಯಲ್ಲಿ ಕೇಳಿದ, "ಒಡ್ಡು ಎಲ್ಲಿ?"

"ಬಟ್ಟೆ ಇಲ್ಲ ಕಣಪ್ಪಾ ಮಾಹಾತೋ ಮಗನೇ," ಎಂದಳು ಗೋಲಾಪಿ. "ನಿನ್ನ ಪಗಡಿ ಕೊಡ್ತೀಯೇನು? ಹೆಂಗಿದ್ರೂ ಅದು ನಿಂದಲ್ಲ."

ಹಾರಾಧನನ ಕಿವಿ ಕೆಂಪಾಯಿತು. ಎದ್ದ. ಸ್ಟೂಲನ್ನು ತಿರುಗಿಸಿ, ರಸ್ತೆಯ ಕಡೆ ಮುಖ ಮಾಡಿ ಕೂತ.

ಹೊಳೆಯಾಚೆ ಮುತ್ತುಗದ ಕಾಡಿನ ಮೇಲೆ ಸೂರ್ಯ ಇಳಿಯತೊಡಗಿದ. ಒಳಗೆ ಬೀಳುವ ನೀರಿನ ಸದ್ದು ಬದಲಾಯಿತು. ಮೊದಲು ಬಿಂದಿಗೆಗೆ ಸುರಿದಂತೆ ಇತ್ತು. ಈಗ ಕೆರೆಗೆ ಸುರಿದಂತೆ. ಭಾದರಿ ಹೊಸ್ತಿಲಿಗೆ ಕಿವಿಯಿಟ್ಟಳು. ಬೋಗುಣಿ ಎತ್ತರದ್ದಲ್ಲ, ನಾಲ್ಕು ಬೆರಳು. ಅಷ್ಟು ನೀರು ಎಂದೋ ಆಗಿರಬೇಕು. ಮತ್ತೆ ಏರು ಇಳಿದಳು.

ಗೋಲಾಪಿ ಹಾಡು ಎತ್ತಿದಳು. ಕಳಿಸುವ ಹಾಡು. ಹೊಳೆಯ ದಂಡೆಯಲ್ಲಿ ಮಾತ್ರ ಹಾಡುವ ಹಾಡು.

ನೀನು ಹೊಳೆಗೆ ಬರದೆ ಹೋದ್ರೆ, ಟುಸು ನನ್ನ ಕೂಸೇ,
ಹೊಳೇನ್ ಹೊತ್ತು ನಾವೇ ಬಂದ್ವಿ, ಬಾಗ್ಲು ದಾಟಿ ಈಸೇ!

ಹೊಸ ಸಾಲು. ಯಾರೂ ಕಲಿಸಿದ್ದಲ್ಲ. ಎಲ್ಲರೂ ಎತ್ತಿಕೊಂಡರು.

ಸದ್ದು ಕೇಳಿ ದಾರೋಗಾ ಬಂದ. ಮೀಸೆಯ ಮೇಲೆ ಮೊಸರಿತ್ತು. ಹೆಂಗಸರು ಹಾಡುತ್ತಾ ನೀರು ಸುರಿಯುತ್ತಿದ್ದರು. ಅವನಿಗೆ ತಕ್ಷಣ ಏನೂ ತಿಳಿಯಲಿಲ್ಲ. "ಏನು ಹಾಡ್ತಿದಾರೆ?" ಎಂದು ಹಾರಾಧನನನ್ನು ಕೇಳಿದ.

ಹಾರಾಧನ ಎದ್ದು ನಿಂತು ಸಲಾಮು ಹೊಡೆದ. "ನನಗೆ ಈ ಭಾಷೆ ಬರೋದಿಲ್ಲ ಹುಜೂರ್," ಎಂದ. ಅದನ್ನು ಹೇಳಿದ್ದು ಹಿಂದಿಯಲ್ಲೇ. ಅದು ಹೇಡಿತನವೋ ಇನ್ನೇನೋ ಭಾದರಿಗೆ ತಿಳಿಯಲಿಲ್ಲ. ಕಪಾಳಕ್ಕೆ ಬಿದ್ದ ಏಟಿನ ಸದ್ದು ಮಾತ್ರ ಕೇಳಿತು.

ಅದೇ ಹೊತ್ತಿಗೆ ಚೇಪಿ ಕೂಗಿದಳು. "ಅವ್ವಾ! ಬಂದ್ಲು!"

ಗುಂಡಿ ತುಂಬಿತ್ತು. ಒಳಗೆ ಹೋಗಿದ್ದ ನೀರು ಹೊಸ್ತಿಲು ತುಳುಕಿ ಬಾಗಿಲಿನಡಿಯಿಂದ ಹೊರಗೆ ಬರುತ್ತಿತ್ತು. ಅದರ ಮೇಲೆ ಹೊಟ್ಟು ತೇಲುತ್ತಿತ್ತು. ಮೊದಲು ನಾಲ್ಕೈದು ಸಿಪ್ಪೆ, ಆಮೇಲೆ ಹಿಡಿ ಹಿಡಿ. ಒಂದು ಚೆಂಡುಹೂವಿನ ಎಸಳು, ಗರಿಕೆಯ ತುಣುಕು. ಬೋಗುಣಿ ಒಳಗೇ ಉಳಿಯಿತು. ಟುಸು ಬಂದಳು.

ಚೇಪಿ ಮಂಡಿಯೂರಿ ಎರಡೂ ಅಂಗೈಯಲ್ಲಿ ಗೋರಿ ಮಡಿಲಿಗೆ ತುಂಬಿಕೊಂಡಳು. ತಾಯಿ ಗೋರುವುದನ್ನು ಎಷ್ಟೋ ಸಲ ನೋಡಿದ್ದವಳು.

"ಹಿಡೀರಿ!" ಎಂದ ದಾರೋಗಾ. ಲಾಠಿ ಎತ್ತಿದ. ಭಾದರಿ ಹುಡುಗಿಗೂ ಅವನಿಗೂ ನಡುವೆ ಬಂದಳು. ಕೊಡ ಅಡ್ಡ ಹಿಡಿದಳು. ಕೊಡ ಒಡೆಯಿತು. ಎರಡನೇ ಏಟು ಮಣಿಕಟ್ಟಿಗೆ ಬಿತ್ತು. ಮೂಳೆ ಮುರಿದ ಸದ್ದು ಅವಳಿಗೇ ಕೇಳಿತು.

"ತೊಳಿ ಅಂದೋನು ನೀನೇ," ಎಂದಳು. "ತೊಳ್ದೆ."

ಹುಡುಗಿ ಏರು ಇಳಿದು ಓಡುತ್ತಿದ್ದಳು. ಹೆಂಗಸರು ಎರಡು ಪಕ್ಕಕ್ಕೆ ಸರಿದು ದಾರಿ ಬಿಟ್ಟರು, ಅವಳು ದಾಟಿದ ಮೇಲೆ ಮತ್ತೆ ಕೂಡಿದರು. ಪೇದೆಗಳು ಆ ಗೋಡೆಯ ಮೇಲೆ ಲಾಠಿ ಬೀಸಿದರು. ಹಾಡು ತುಂಡು ತುಂಡಾಯಿತು, ನಿಲ್ಲಲಿಲ್ಲ. ಭಾದರಿಯನ್ನು ಕೂದಲು ಹಿಡಿದು ಎಳೆಯುವಾಗ ಅವಳು ಹೊಳೆಯನ್ನೇ ನೋಡುತ್ತಿದ್ದಳು. ಚೇಪಿ ಸೊಂಟದ ನೀರಿಗೆ ಇಳಿದು ಮಡಿಲು ಬಿಚ್ಚಿದಳು. ಸೂರ್ಯ ಇನ್ನೂ ಮುಳುಗಿರಲಿಲ್ಲ.

ಮಾಘ ಮಾಸದಲ್ಲಿ ಕೋರ್ಟು.

ಅದೇ ಕಟಕಟೆ. ನಿಬಾರಣ ಹಿಡಿದು ನಿಂತಿದ್ದ ಮರದ ಪಟ್ಟಿಯನ್ನೇ ಭಾದರಿ ಎಡಗೈಯಲ್ಲಿ ಹಿಡಿದು ನಿಂತಳು. ಬಲಗೈಗೆ ಬಿದಿರಿನ ದಬ್ಬೆ ಕಟ್ಟಿತ್ತು. ಆರೋಪ ಮೂರು: ಸರ್ಕಾರದ ಸೊತ್ತು ಹಾಳುಮಾಡಿದ್ದು, ದಾರೋಗಾನ ಕೆಲಸಕ್ಕೆ ಅಡ್ಡಿ, ಕಳ್ಳ ಹೆಂಡ. ಮೇಜಿನ ಮೇಲೆ ಖಾಲಿ ಬೋಗುಣಿ ಇತ್ತು. ಅದರೊಳಗೆ ಏನೂ ಇರಲಿಲ್ಲ. ಅದು ಈಗ ಬರೀ ಮಣ್ಣು. ಭಾದರಿ ಒಮ್ಮೆ ನೋಡಿ ಕಣ್ಣು ತೆಗೆದಳು.

ಹಿಂದಿನ ಬೆಂಚಿನಲ್ಲಿ ಅವಿನಾಶ ಮಾಸ್ಟರು ಕೂತಿದ್ದರು. ಅವರ ಪಕ್ಕದ ಜಾಗ ಖಾಲಿ ಇತ್ತು. ಗೋಲಾಪಿ ಮತ್ತು ಚೇಪಿ ಬಾಗಿಲ ಹೊರಗೆ ನಿಂತಿದ್ದರು.

ಹಾಕಿಮರು ಕನ್ನಡಕದ ಮೇಲಿಂದ ನೋಡಿ ಹಿಂದಿಯಲ್ಲಿ ಕೇಳಿದರು. "ಈ ಹಂಡಿಯಾ ನಿನ್ನದೇನು?"

ಪೇದೆಯೊಬ್ಬ ಅವಳ ಕಿವಿಯ ಬಳಿ ಬಗ್ಗಿ, "ಜೀ ಹುಜೂರ್ ಅನ್ನೇ, ಬೇಗ ಮುಗಿಯುತ್ತೆ," ಎಂದ.

ಅದು ಬಹಳ ಸಣ್ಣ ಮಾತು. ಬಾಯಿ ತೆರೆದರೆ ಸಾಕು, ತಾನೇ ಬಿದ್ದುಬಿಡುತ್ತದೆ. ಅವಳ ಗಂಡನ ಬಾಯಿಂದ ಹಾಗೇ ಬಿದ್ದಿತ್ತು.

"ಕೇಳಿಸಲಿಲ್ಲವಾ? ಹಂಡಿಯಾ ನಿನ್ನದೇನು?"

ಭಾದರಿ ತಲೆಯೆತ್ತಿದಳು. ಅವಳ ಕೆಂಪು ಪಾದಗಳು ಕಟಕಟೆಯ ಹಲಗೆಯ ಮೇಲೆ ಅಗಲವಾಗಿ ಊರಿದ್ದವು. ತೊಟ್ಟಿಯಲ್ಲಿ ಜಾರದಂತೆ ಹಾಗೆ ಊರುತ್ತಾರೆ.

"ನನ್ ಮಾತಲ್ಲಿ ಕೇಳು," ಎಂದಳು.

ಹಾಕಿಮರು ಗುಮಾಸ್ತನನ್ನು ನೋಡಿದರು. ಗುಮಾಸ್ತ ವಕೀಲನನ್ನು ನೋಡಿದ. ಅವಳ ಮಾತು ಗೊತ್ತಿದ್ದವರು ಆ ಕೋಣೆಯಲ್ಲಿ ಅರ್ಧಕ್ಕರ್ಧ ಇದ್ದರು. ಯಾರೂ ಬಾಯಿಬಿಡಲಿಲ್ಲ.

ಹಾಕಿಮರು ಮೂರನೇ ಸಲ, ಇನ್ನೂ ಗಟ್ಟಿಯಾಗಿ, ಹಿಂದಿಯಲ್ಲಿ ಕೇಳಿದರು.

"ನನ್ ಮಾತಲ್ಲಿ ಕೇಳು."